ಸಿಂಧನೂರಿಗೆ ರೈಲು ಬಂತು, ಇನ್ನು ಭತ್ತದ ನಾಡಿಗೆ ಅದರಿಂದ ಏನೇನು ಆಗಬೇಕು?

ಕಾರಟಗಿ ಗದ್ದೆಯವ

ಎಲ್ಲರಿಗೂ ನಮಸ್ಕಾರ. ಮುಂಬೈ ಕಡೆಯಿಂದ ಬಂದ ಹಳಿ, ಮದ್ರಾಸ್ ಕಡೆಯಿಂದ ಬಂದ ಹಳಿ ಎರಡೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಅದೇ ಜಿಲ್ಲೆಯ ಸಿಂಧನೂರಿಗೆ ಪ್ಯಾಸೆಂಜರ್ ರೈಲು ಬಂದಿದ್ದು 2024ರ ಮಾರ್ಚ್‌ನಲ್ಲಿ. ನಡುವೆ ಒಂದೂವರೆ ಶತಮಾನ ಕಳೆದಿದೆ.

ಈ ಮಾರ್ಗ ಮುನಿರಾಬಾದ್–ಮೆಹಬೂಬ್‌ನಗರ ಅನ್ನುವ ಹೆಸರಿನಲ್ಲಿ ಮಂಜೂರಾಗಿದ್ದು 1997-98ರಲ್ಲಿ. ನಮ್ಮ ಕಡೆ ಅದನ್ನು ಗಿಣಿಗೇರಾ–ರಾಯಚೂರು ಮಾರ್ಗ ಅಂತೀವಿ. 165 ಕಿ.ಮೀ. ಜಾಗ ರಾಜ್ಯದ್ದು, ಖರ್ಚಿನಲ್ಲಿ ಅರ್ಧ ರಾಜ್ಯದ್ದು, ಅರ್ಧ ರೈಲ್ವೆಯದ್ದು. 2019ರಲ್ಲಿ ಗಂಗಾವತಿ ಮುಟ್ಟಿತು, ಆಮೇಲೆ ಕಾರಟಗಿ, ಆಮೇಲೆ ಸಿಂಧನೂರು. ಮೊದಲ ದಿನ ಗಾಡಿ ನೋಡಲು ಬಂದ ಜನರನ್ನು ನೋಡಿ ನನಗೂ ಕಣ್ಣು ತುಂಬಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಈ ಹಳಿ ಹಾದುಹೋಗುವುದು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ. ಗಂಗಾವತಿ, ಕಾರಟಗಿ, ಸಿಂಧನೂರು ಅಂದರೆ ಭತ್ತ ಮತ್ತು ರೈಸ್ ಮಿಲ್ಲು. ಆದರೆ ನಮ್ಮ ಅಕ್ಕಿ ಇವತ್ತಿಗೂ ಬಹುಪಾಲು ಲಾರಿಯಲ್ಲೇ ಹೋಗುತ್ತಿದೆ. ಆ ಲಾರಿ ಬಾಡಿಗೆ ಕೊನೆಗೆ ಯಾರ ತಲೆ ಮೇಲೆ ಬರುತ್ತದೆ? ನಮ್ಮ 75 ಕೆಜಿ ಚೀಲದ ರೇಟಿನಲ್ಲೇ ಕಡಿತ ಆಗುತ್ತದೆ. ರೈಲು ಬಂದಿದೆ ಅಂತ ಖುಷಿಪಟ್ಟು ಸುಮ್ನೆ ಕೂರುವ ಹೊತ್ತಲ್ಲ ಇದು. ಈ ಮಾರ್ಗದಿಂದ ರೈತರಿಗೆ, ಕೂಲಿಯವರಿಗೆ, ಓದುವ ಮಕ್ಕಳಿಗೆ ಏನು ಬೇಕು ಅಂತ ನಾವೇ ಕೂತು ಹೇಳಬೇಕು. ಗೊತ್ತಿದ್ದವರು ಬಿಡಿಸಿ ಬರೆಯಿರಿ.

ಮಿಲ್ ಲೆಕ್ಕದವನು

ಅಣ್ಣಾರೆ, ನಾನು ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಅಕ್ಕಿ ಯಾಕೆ ರೈಲು ಹತ್ತುವುದಿಲ್ಲ ಅಂತ ಒಂದೊಂದಾಗಿ ಹೇಳುತ್ತೇನೆ.

ರೈಲ್ವೆ ಸರಕಿಗೆ ಕೊಡುವುದು ಒಂದೆರಡು ವ್ಯಾಗನ್ ಅಲ್ಲ, ಇಡೀ ರೇಕ್, ಅಂದರೆ ಒಂದು ಗಾಡಿಯ ಪೂರ್ತಿ ವ್ಯಾಗನ್ ಸಾಲು. ಮುಚ್ಚಿದ ವ್ಯಾಗನ್ 42 ಇರುವ ರೇಕ್ ಅಂದರೆ ಸುಮಾರು 2,600 ಟನ್. ಈಗ ಮಾರ್ಕೆಟ್ಟಿನಲ್ಲಿ ಓಡುವುದು 26 ಕೆಜಿ ಚೀಲ. 2022ರ ಜುಲೈನಲ್ಲಿ 25 ಕೆಜಿವರೆಗಿನ ಪ್ಯಾಕಿಗೆ 5% ಜಿಎಸ್‌ಟಿ ಹಾಕಿದ ಮೇಲೆ ಎಲ್ಲರೂ 26ಕ್ಕೆ ಬಂದರು, ಅದು ನಿಮಗೂ ಗೊತ್ತು. ಆ ಲೆಕ್ಕದಲ್ಲಿ ಒಂದು ರೇಕಿಗೆ ಒಂದು ಲಕ್ಷ ಚೀಲ. ದೊಡ್ಡ ಲಾರಿ ನೂರಕ್ಕೂ ಮೇಲೆ ಬೇಕು ಅಷ್ಟನ್ನು ಸ್ಟೇಷನ್ನಿಗೆ ತರಲು.

ನಮ್ಮ ವ್ಯಾಪಾರ ಹಾಗೆ ನಡೆಯುವುದಿಲ್ಲ. ಬೆಂಗಳೂರಿನ ಅಂಗಡಿಯವರು ಸಂಜೆ ಫೋನ್ ಮಾಡಿ, ಸೋನಾ ಮಸೂರಿ ಒಂದು ಲೋಡು, ಆರ್‌ಎನ್‌ಆರ್ ಅರ್ಧ ಲೋಡು ಕಳಿಸಿ ಅಂತಾರೆ. ರಾತ್ರಿ ಲಾರಿ ಹೊರಟರೆ ಬೆಳಿಗ್ಗೆ ಅವರ ಗೋಡೌನ್ ಬಾಗಿಲಲ್ಲಿ ಮಾಲು ಇಳಿಯುತ್ತದೆ. ರೈಲಿಗೆ ಹಾಕಿದರೆ? ಮಿಲ್ಲಿನಿಂದ ಲಾರಿಗೆ, ಲಾರಿಯಿಂದ ವ್ಯಾಗನ್ನಿಗೆ, ಅಲ್ಲಿ ವ್ಯಾಗನ್ನಿಂದ ಲಾರಿಗೆ, ಲಾರಿಯಿಂದ ಗೋಡೌನಿಗೆ. ಎರಡು ಸಲ ಹಮಾಲಿ ಜಾಸ್ತಿ. ಚೀಲ ಒಡೆಯುವುದು ಜಾಸ್ತಿ. ಗೊತ್ತುಮಾಡಿದ ಹೊತ್ತಿನೊಳಗೆ ತುಂಬದಿದ್ದರೆ ಡೆಮರೇಜ್, ಅಂದರೆ ತಡವಾದದ್ದಕ್ಕೆ ದಂಡ ಬೇರೆ.

ಹಾಗಂತ ರೈಲು ಬೇಡ ಅನ್ನುತ್ತಿಲ್ಲ. ದೂರದ ರಾಜ್ಯಕ್ಕೆ ಹೋಗುವ ಮಾಲಿಗೆ, ಸರ್ಕಾರದ ಖರೀದಿಯ ಅಕ್ಕಿಗೆ ರೈಲೇ ಅಗ್ಗ. ಬೆಂಗಳೂರಿಗೆ, ಹುಬ್ಬಳ್ಳಿಗೆ ಲಾರಿಯೇ ಗೆಲ್ಲುತ್ತದೆ. ಎರಡನ್ನೂ ಬೇರೆ ಬೇರೆ ಮಾಡಿ ನೋಡಬೇಕು.

ನಿವೃತ್ತ ಸ್ಟೇಷನ್ ಮಾಸ್ಟರ್

ಮಿಲ್ಲಿನವರು ಬರೆದದ್ದು ಸರಿ ಇದೆ. ಇದಕ್ಕೆ ಮೂರು ದಾರಿಗಳು ರೈಲ್ವೆಯಲ್ಲೇ ಇವೆ. ಹೆಚ್ಚಿನವರು ಕೇಳುವುದೇ ಇಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಒಂದನೆಯದು ಮಿನಿ ರೇಕ್. 20 ವ್ಯಾಗನ್ ಇದ್ದರೂ ಕೊಡುವ ಪದ್ಧತಿ ಇದೆ. ಎರಡನೆಯದು ಎರಡು ಸ್ಟೇಷನ್ ಸೇರಿಸಿ ಒಂದು ರೇಕ್ ತುಂಬುವುದು. ಒಂದು ಕಡೆ ಅರ್ಧ, ಇನ್ನೊಂದು ಕಡೆ ಅರ್ಧ. ಆದರೆ ಆ ಜೋಡಿ ಸ್ಟೇಷನ್‌ಗಳನ್ನು ರೈಲ್ವೆ ಮೊದಲೇ ಗುರುತಿಸಿ ಪ್ರಕಟಿಸಿರಬೇಕು. ಗಂಗಾವತಿ, ಸಿಂಧನೂರು ಹೀಗೆ ಜೋಡಿಯಾಗಲಿ ಅಂತ ಮಿಲ್ಲುಗಳ ಸಂಘದವರು ಬರೆದು ಕೇಳಬಹುದು. ಬಾಯಿ ಮಾತಿಗೆ ಆಗುವ ಕೆಲಸ ಅಲ್ಲ.

ಮೂರನೆಯದು ನನಗೆ ತುಂಬ ಮುಖ್ಯ ಅನಿಸುವುದು. ನಮ್ಮ ಸೀಮೆಗೆ ಯೂರಿಯಾ, ಡಿಎಪಿ ಬರುವುದೇ ರೇಕ್‌ನಲ್ಲಿ. ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾದಾಗ ರೇಕಿನ ಮೇಲೆ ರೇಕು ಬೇಕಾಗುತ್ತದೆ. ಗೊಬ್ಬರ ಇಳಿಸಿದ ವ್ಯಾಗನ್ ಖಾಲಿ ವಾಪಸ್ ಹೋದರೆ ಎಂಜಿನ್ನು, ಸಿಬ್ಬಂದಿ, ಹಳಿಯ ಹೊತ್ತು ಎಲ್ಲ ದಂಡ. ಅದೇ ವ್ಯಾಗನ್ನಿಗೆ ಅಕ್ಕಿ ತುಂಬುತ್ತೇವೆ ಅಂದರೆ ರೈಲ್ವೆಗೂ ಲಾಭ. ಮಿಲ್ಲು ವರ್ಷವಿಡೀ ಓಡುತ್ತದೆ, ಹಾಗಾಗಿ ಅಕ್ಕಿಗೆ ಕಾಲ ಕಾಯಬೇಕಿಲ್ಲ. ವ್ಯಾಗನ್ ಮಾತ್ರ ಚೆನ್ನಾಗಿ ಗುಡಿಸಿ ಒಣಗಿಸಬೇಕು. ಗೊಬ್ಬರದ ಪುಡಿ ತಿನ್ನುವ ಅಕ್ಕಿಗೆ ತಾಗಬಾರದು. ಅದಕ್ಕೆ ಜನ ಬೇಕು, ನೀರು ಬೇಕು, ಒಂದಿಷ್ಟು ಹೊತ್ತು ಬೇಕು.

ಗೂಡ್ಸ್ ಶೆಡ್ ಅಂದರೆ ಬರೀ ತಗಡಿನ ಚಾವಣಿ ಅಲ್ಲ. ಇಡೀ ರೇಕ್ ನಿಲ್ಲುವಷ್ಟು ಉದ್ದದ ಹಳಿ, ಅದರ ಪಕ್ಕ ಕಾಂಕ್ರೀಟ್ ಕಟ್ಟೆ, ಲಾರಿ ಎದುರು ಬದುರು ಹೋಗುವ ರಸ್ತೆ, ರಾತ್ರಿ ಕೆಲಸಕ್ಕೆ ದೀಪ, ಹಮಾಲರಿಗೆ ಕುಡಿಯುವ ನೀರು ಮತ್ತು ನೆರಳು. ಇದರಲ್ಲಿ ಒಂದು ತಪ್ಪಿದರೂ ತುಂಬುವುದು ತಡ, ದಂಡ ಖಚಿತ. ನಮ್ಮದು ಎರೆಮಣ್ಣಿನ ನೆಲ. ಮಳೆ ಬಿದ್ದರೆ ಕಚ್ಚಾ ರಸ್ತೆಯಲ್ಲಿ ಲೋಡ್ ಲಾರಿ ಹೂತು ಹೋಗುತ್ತದೆ.

ಮಸ್ಕಿ ಸೀಮೆಯ ಹುಡುಗ, ಈಗ ಬೆಂಗಳೂರು

ಅಕ್ಕಿ ಮಾತು ಮುಗಿದ ಮೇಲೆ ಮನುಷ್ಯರ ಮಾತೂ ಆಡೋಣ ಅಣ್ಣಾರೆ.

ಎಲ್ಲರ ಹೊಲಕ್ಕೂ ಕಾಲುವೆ ಇಲ್ಲ. ಮಸ್ಕಿ, ಲಿಂಗಸುಗೂರು, ದೇವದುರ್ಗದ ಒಣ ಬೇಸಾಯದ ಊರುಗಳಿಂದ ಸುಗ್ಗಿ ಮುಗಿದ ಕೂಡಲೇ ಜನ ಗುಳೆ ಹೊರಡುತ್ತಾರೆ. ಬೆಂಗಳೂರಿನ ಕಟ್ಟಡ ಕೆಲಸದಲ್ಲಿ ನಮ್ಮ ಕಡೆಯವರು ಎಷ್ಟಿದ್ದಾರೆ ಅಂತ ಯಾವ ಸೈಟಿಗೆ ಹೋದರೂ ಕಾಣುತ್ತದೆ. ಹೊರಡುವಾಗ ಜೋಳದ ಚೀಲ, ಒಲೆ, ಪಾತ್ರೆ, ಹಾಸಿಗೆ, ಮಕ್ಕಳು ಎಲ್ಲ ಜೊತೆಗೆ. ಬಸ್ಸಿನಲ್ಲಿ ಅಷ್ಟು ಸಾಮಾನಿಗೆ ಜಾಗ ಎಲ್ಲಿ? ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ರಾತ್ರಿಯಿಡೀ ಹೋಗುತ್ತಾರೆ. ಇಂಥವರಿಗೆ ರೈಲಿನ ಜನರಲ್ ಬೋಗಿ ಅಂದರೆ ದೊಡ್ಡ ಆಸರೆ. ಕಾಲು ಚಾಚಬಹುದು, ಶೌಚಾಲಯ ಇದೆ, ಟಿಕೆಟ್ ಕಡಿಮೆ.

ಯಶವಂತಪುರಕ್ಕೆ ರೈಲು ಸಿಕ್ಕಿದ್ದು ನಮಗೆ ಸಣ್ಣ ಮಾತಲ್ಲ. ಆದರೆ ಜನರಲ್ ಬೋಗಿ ಎಷ್ಟಿದ್ದರೂ ಸಾಲದು. ಯುಗಾದಿ, ದೀಪಾವಳಿ, ಮೊಹರಂ ಹತ್ತಿರ ಬಂದಾಗ ನೋಡಿ. ನಮ್ಮ ಕಡೆ ಮೊಹರಂಗೆ ಜಾತಿ ಧರ್ಮ ನೋಡದೆ ಎಲ್ಲರೂ ಊರಿಗೆ ಬರುತ್ತಾರೆ, ಮುದಗಲ್ಲಿನ ಆಲಾಯಿಗೆ ಎಲ್ಲೆಲ್ಲಿಂದಲೋ ಜನ ಸೇರುತ್ತಾರೆ. ವಿಶೇಷ ರೈಲು ಬಿಡುವಾಗ ದೀಪಾವಳಿ, ದಸರಾ ಮಾತ್ರ ನೆನಪಾಗುತ್ತದೆ. ಮೊಹರಂಗೂ ಈ ಮಾರ್ಗದಲ್ಲಿ ಹೆಚ್ಚುವರಿ ಬೋಗಿ ಬೇಕು ಅಂತ ನಮ್ಮ ಪಟ್ಟಿಯಲ್ಲಿ ಬರೆದುಕೊಳ್ಳಿ.

ಇನ್ನೊಂದು. ಸ್ಟೇಷನ್ನಿನಲ್ಲಿ ಇಳಿದ ಮೇಲೆ ಹಳ್ಳಿಗೆ ಹೋಗುವುದು ಹೇಗೆ? ಹೊತ್ತಲ್ಲದ ಹೊತ್ತಿನಲ್ಲಿ ಟಂಟಂನವರು ಕೇಳಿದಷ್ಟು ಕೊಡಬೇಕು. ರೈಲಿನಲ್ಲಿ ಉಳಿಸಿದ ದುಡ್ಡು ಅಲ್ಲಿ ಹೋಗುತ್ತದೆ.

ಗಂಗಾವತಿ ಟೀಚರ್

ತಮ್ಮಾ, ಕೊನೆಯ ಮಾತು ನೀನು ಹೇಳಿದ್ದೇ ನನ್ನದೂ. ಹೊಸ ಮಾರ್ಗಗಳಲ್ಲಿ ಸ್ಟೇಷನ್ ಊರ ಹೊರಗೆ ಕಟ್ಟುತ್ತಾರೆ. ಊರೊಳಗೆ ಜಾಗ ದುಬಾರಿ, ಹಳಿಗೆ ತಿರುವೂ ಜಾಸ್ತಿ ಕೊಡಲಾಗದು. ಅದು ಅರ್ಥವಾಗುತ್ತದೆ. ಆದರೆ ರೈಲಿನ ಹೊತ್ತಿಗೆ ಒಂದು ಬಸ್ಸು ಸ್ಟೇಷನ್ನಿಗೆ ಬಂದು ಹೋದರೆ ಎಷ್ಟು ಅನುಕೂಲ! ದೊಡ್ಡ ಬಸ್ಸೇ ಬೇಕಿಲ್ಲ.

ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ. ಒಳ್ಳೆಯ ಕೆಲಸ, ನನ್ನ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಜನ ಅದರಿಂದಲೇ ಕಾಲೇಜು ಮುಟ್ಟಿದ್ದಾರೆ. ಆದರೆ ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬಾಗಿಲಲ್ಲಿ ನೇತಾಡುವ ಮಕ್ಕಳನ್ನು ನೋಡಿದರೆ ಎದೆ ಧಸಕ್ ಅನ್ನುತ್ತದೆ. ಪ್ಯಾಸೆಂಜರ್ ರೈಲಿನ ಕನಿಷ್ಠ ಟಿಕೆಟ್ ಕೊರೊನಾ ಸಮಯದಲ್ಲಿ 30 ರೂಪಾಯಿ ಆಗಿತ್ತು. 2024ರ ಫೆಬ್ರುವರಿ ಕೊನೆಗೆ ಮತ್ತೆ 10ಕ್ಕೆ ಬಂತು. ತಿಂಗಳ ಪಾಸ್ ಮಾಡಿಸಿದರೆ ಇನ್ನೂ ಕಡಿಮೆ. ಗಂಡು ಮಕ್ಕಳಾದರೂ ರೈಲಿಗೆ ಬಂದರೆ ಬಸ್ಸಿನ ಒತ್ತಡ ಇಳಿಯುತ್ತದೆ. ಇದೆಲ್ಲ ಆಗಬೇಕಾದರೆ ರೈಲು ಕಾಲೇಜಿನ ಹೊತ್ತಿಗೆ ಬರಬೇಕು ಅಷ್ಟೇ.

ನಾಟಿಗೆ, ಕಳೆಗೆ ಹೋಗುವ ಹೆಂಗಸರ ಬಗ್ಗೆಯೂ ಹೇಳುತ್ತೇನೆ. ಟಂಟಂ, ಕ್ರೂಸರ್, ಸಣ್ಣ ಗೂಡ್ಸ್ ಗಾಡಿಗಳಲ್ಲಿ ಅವರನ್ನು ತುಂಬಿಕೊಂಡು ಹೋಗುತ್ತಾರೆ. ನಾಟಿ ಕಾಲದಲ್ಲಿ ಇಂಥ ಗಾಡಿ ಮಗುಚಿದ ಸುದ್ದಿ ಓದದ ವರ್ಷ ಇಲ್ಲ. ರೈಲು ಹೊಲದ ಬದುವಿಗೆ ಬರುವುದಿಲ್ಲ, ಗೊತ್ತು. ಆದರೆ ಹಳಿ ಪಕ್ಕದ ಹಳ್ಳಿಯ ಹಾಲ್ಟ್ ಸ್ಟೇಷನ್ನಿನಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಗಾಡಿ ನಿಂತರೆ ಕೆಲವರಾದರೂ ಜೀವ ಕೈಯಲ್ಲಿ ಹಿಡಿದು ಹೋಗುವುದು ತಪ್ಪುತ್ತದೆ.

ನಿವೃತ್ತ ಸ್ಟೇಷನ್ ಮಾಸ್ಟರ್

ಟೀಚರಮ್ಮ, ಸಮಯದ ಗುಟ್ಟು ಇಲ್ಲಿದೆ. ಗಾಡಿಯ ಬೋಗಿಗಳು ರಾತ್ರಿ ಎಲ್ಲಿ ತಂಗುತ್ತವೋ, ಬೆಳಗಿನ ರೈಲು ಆ ಊರಿನವರಿಗೆ. ಬೋಗಿ ತೊಳೆದು, ಪರೀಕ್ಷೆ ಮಾಡುವ ವ್ಯವಸ್ಥೆ ಹುಬ್ಬಳ್ಳಿಯಂಥ ದೊಡ್ಡ ಕಡೆ ಇರುತ್ತದೆ. ಸಹಜವಾಗಿ ಗಾಡಿ ಅಲ್ಲಿಂದ ಹೊರಟು, ತುದಿ ಮುಟ್ಟಿ, ತಿರುಗಿ ಅಲ್ಲಿಗೇ ಹೋಗುವಂತೆ ವೇಳೆ ಹಾಕುತ್ತಾರೆ. ತುದಿಯ ಊರಿನ ಜನರಿಗೆ ಬೆಳಿಗ್ಗೆ ಹೋಗಿ ಸಂಜೆ ಬರುವ ಗಾಡಿ ಬೇಕಾದರೆ ಒಂದು ರೇಕ್ ತುದಿಯಲ್ಲೇ ರಾತ್ರಿ ನಿಲ್ಲಬೇಕು. ಅದಕ್ಕೆ ಖಾಲಿ ಹಳಿ, ನೀರು ತುಂಬುವ ವ್ಯವಸ್ಥೆ, ಲೋಕೊ ಪೈಲಟ್ ಮತ್ತು ಗಾರ್ಡ್‌ಗೆ ವಿಶ್ರಾಂತಿ ಕೊಠಡಿ, ಕಾವಲು ಬೇಕು. 'ಬೆಳಗಿನ ರೈಲು ಕೊಡಿ' ಅಂತ ಬರೆದರೆ ಫೈಲು ಸುತ್ತುತ್ತಲೇ ಇರುತ್ತದೆ. 'ಸಿಂಧನೂರಿನಲ್ಲಿ ರಾತ್ರಿ ರೇಕ್ ನಿಲ್ಲಿಸುವ ವ್ಯವಸ್ಥೆ ಮಾಡಿ' ಅಂತ ಬರೆಯಿರಿ. ಓದುವ ಅಧಿಕಾರಿಗೆ ಏನು ಮಾಡಬೇಕು ಅಂತ ತಿಳಿಯುತ್ತದೆ.

ಒಂಟಿ ಹಳಿ ಅನ್ನುವುದನ್ನೂ ನೆನಪಿಡಿ. ಎದುರು ಗಾಡಿಗೆ ದಾರಿ ಬಿಡಲು ಕ್ರಾಸಿಂಗ್ ಸ್ಟೇಷನ್ನಿನಲ್ಲೇ ಕಾಯಬೇಕು. ಬರೀ ಹಾಲ್ಟ್ ಆಗಿದ್ದರೆ ಅಲ್ಲಿ ಎರಡನೇ ಹಳಿ ಇರುವುದಿಲ್ಲ.

ಹಳಿ ಪಕ್ಕದ ಹೊಲ

ಎಲ್ಲರೂ ರೈಲು ಹತ್ತುವ ಮಾತಾಡುತ್ತಿದ್ದೀರಿ. ಹಳಿ ದಾಟುವವರ ಮಾತನ್ನು ನಾನು ಹೇಳಬೇಕು.

ನಮ್ಮ ಹೊಲದ ನಡುವೆಯೇ ಹಳಿ ಹೋಗಿದೆ. ಎರಡು ಬೆಳೆ ಬರುವ ನೀರಾವರಿ ಭೂಮಿ. ಪರಿಹಾರ ಬಂತು, ಅದರ ಬಗ್ಗೆ ಇಲ್ಲಿ ಎಳೆಯುವುದಿಲ್ಲ. ಆದರೆ ಆಚೆ ಕಡೆ ಉಳಿದ ತುಂಡು ಹೊಲಕ್ಕೆ ಹೋಗುವುದೇ ಕಷ್ಟವಾಗಿದೆ. ಹೊಸ ಮಾರ್ಗದಲ್ಲಿ ಗೇಟ್ ಇಡುವುದಿಲ್ಲ, ಕೆಳಸೇತುವೆ ಮಾಡುತ್ತಾರೆ. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟುಗಳನ್ನು 2019ರ ಹೊತ್ತಿಗೆ ಪೂರ್ತಿ ತೆಗೆದರು. ಜೀವ ಉಳಿಸುವ ಕೆಲಸ, ಅದನ್ನು ಒಪ್ಪುತ್ತೇನೆ.

ನಮ್ಮದು ಮಾತ್ರ ಕಾಲುವೆ ಸೀಮೆ. ನೆಲದಲ್ಲಿ ಬಸಿ ನೀರು ಮೇಲೇ ಇರುತ್ತದೆ, ಎಷ್ಟೋ ಹೊಲ ಉಪ್ಪು, ಜೌಗು ಹಿಡಿದು ಸವಳು-ಜವಳು ಆಗಿವೆ. ಇಂಥ ನೆಲದಲ್ಲಿ ಗುಂಡಿ ತೋಡಿ ರಸ್ತೆ ಮಾಡಿದರೆ ಮಳೆಯೇ ಬೇಕಿಲ್ಲ, ಗದ್ದೆಗೆ ನೀರು ಕಟ್ಟಿದರೂ ಸಾಕು ತುಂಬುತ್ತದೆ. ಶಾಲೆ ಮಕ್ಕಳು ಆ ನೀರಿಗೆ ಹೆದರಿ ಹಳಿ ಮೇಲೆಯೇ ಹತ್ತಿ ದಾಟುತ್ತಾರೆ. ಯಾವುದನ್ನು ತಪ್ಪಿಸಲು ಕೆಳಸೇತುವೆ ಮಾಡಿದರೋ ಅದೇ ಅಪಾಯ ತಿರುಗಿ ಬಂತು.

ಎತ್ತರದ್ದು ಇನ್ನೊಂದು ಕಷ್ಟ. ಭತ್ತ ಕೊಯ್ಯುವ ಚೈನ್ ಮಷಿನ್ ಲಾರಿ ಮೇಲೆ ಬರುತ್ತದೆ. ಹುಲ್ಲು ಹೇರಿದ ಟ್ರ್ಯಾಕ್ಟರ್ ಟ್ರೇಲರ್ ಎಷ್ಟು ಎತ್ತರ ಇರುತ್ತದೆ ಅಂತ ರೈತರಿಗೆ ಗೊತ್ತು. ಇವು ಕೆಳಗೆ ಹೋಗದಿದ್ದರೆ ಸುತ್ತು ಹಾಕಬೇಕು, ಬಾಡಿಗೆ ಏರುತ್ತದೆ. ಕೊಯ್ಲಿನಲ್ಲಿ ಮಷಿನ್ನಿಗೆ ಗಂಟೆ ಲೆಕ್ಕದಲ್ಲಿ ಕೊಡುತ್ತೇವೆ. ಮೋಡ ಕವಿದಿರುವಾಗ ಆ ಒಂದು ಗಂಟೆಯಲ್ಲೇ ಬೆಳೆ ಉಳಿಯುವುದೋ ಹೋಗುವುದೋ ತೀರ್ಮಾನ ಆಗುತ್ತದೆ.

ನಿವೃತ್ತ ಸ್ಟೇಷನ್ ಮಾಸ್ಟರ್

ಯಜಮಾನರೆ, ನೀವು ಬರೆದದ್ದು ಈ ಇಡೀ ಚರ್ಚೆಯಲ್ಲಿ ಮೊದಲು ಆಗಬೇಕಾದ ಕೆಲಸ. ಅಂಥ ಕೆಳಸೇತುವೆಗೆ ಪಂಪು ಇಡುವುದು ತಾತ್ಕಾಲಿಕ. ಕರೆಂಟ್ ಹೋದರೆ ಮುಗಿಯಿತು. ಪಕ್ಕದ ಹಳ್ಳಕ್ಕೋ ಬಸಿಗಾಲುವೆಗೋ ನೀರು ತಾನಾಗಿ ಇಳಿದು ಹೋಗುವ ಪೈಪ್ ಹಾಕಬೇಕು. ಇಳಿಜಾರಿನ ಎರಡೂ ತುದಿಯಲ್ಲಿ ರಸ್ತೆ ಸ್ವಲ್ಪ ಉಬ್ಬಿಸಿದರೆ ಹೊಲದ ನೀರು ಒಳಗೆ ಇಳಿಯುವುದಿಲ್ಲ. ಮೇಲೆ ಚಾವಣಿ ಹಾಕುವುದೂ ಉಂಟು. ಹಳಿಯ ದಿಬ್ಬ ಎತ್ತರ ಇರುವ ಕಡೆ ಸೇತುವೆ ಜಾಗ ಗುರುತಿಸಿದರೆ ಗುಂಡಿ ತೋಡುವ ಅಗತ್ಯವೇ ಇಲ್ಲ. ಈ ಹಳಿ ಇನ್ನೂ ಮುಟ್ಟದ ಮಾನ್ವಿ, ರಾಯಚೂರು ಕಡೆಯವರು ಇದನ್ನು ಗಮನಿಸಿ. ದಿಬ್ಬ ಹಾಕುವ ಹೊತ್ತಿನಲ್ಲೇ ಗ್ರಾಮ ಪಂಚಾಯಿತಿ ಠರಾವು ಮಾಡಿ ಕೇಳಿದರೆ ಬದಲಾಯಿಸಬಹುದು. ಕಟ್ಟಿದ ಮೇಲೆ ಕಷ್ಟ.

ಕುಷ್ಟಗಿ ದಾಳಿಂಬೆ

ನಮ್ಮದು ಗದಗ–ವಾಡಿ ಮಾರ್ಗ. 2025ರ ಮೇ ತಿಂಗಳಲ್ಲಿ ತಳಕಲ್ ಕಡೆಯಿಂದ ಕುಕನೂರು, ಯಲಬುರ್ಗಾ ಮೇಲೆ ಕುಷ್ಟಗಿಗೆ ಗಾಡಿ ಬಂತು. ಮುಂದೆ ಲಿಂಗಸುಗೂರು, ಸುರಪುರ, ಶಹಾಪುರ ಬಾಕಿ ಇವೆ. ಇದಕ್ಕೂ ಜಾಗ ರಾಜ್ಯದ್ದು, ಖರ್ಚು ಅರ್ಧ ಅರ್ಧ.

ನನ್ನ ಪ್ರಶ್ನೆ ಹಣ್ಣು, ತರಕಾರಿಯದ್ದು. ಕಿಸಾನ್ ರೈಲು ಅಂತ 2020ರ ಆಗಸ್ಟ್‌ನಲ್ಲಿ ದೇವಲಾಲಿಯಿಂದ ದಾನಾಪುರಕ್ಕೆ ಮೊದಲ ಗಾಡಿ ಬಿಟ್ಟರು. ಸಾಗಣೆ ದರದಲ್ಲಿ ಅರ್ಧ ಸಬ್ಸಿಡಿ ಇತ್ತು. ಅದರ ಲಾಭ ಹೆಚ್ಚಾಗಿ ಮಹಾರಾಷ್ಟ್ರದ ಈರುಳ್ಳಿ, ಬಾಳೆ, ದಾಳಿಂಬೆ ಬೆಳೆಗಾರರಿಗೆ ಸಿಕ್ಕಿತು. ನಮ್ಮ ಊರಿಗೆ ಹಳಿ ಬರುವ ಹೊತ್ತಿಗೆ ಸಬ್ಸಿಡಿಯೇ ನಿಂತಿತ್ತು. ಅಂಥದ್ದು ಮತ್ತೆ ಬಂದರೆ ಹಳಿ ಹೊಸದಾಗಿ ಮುಟ್ಟಿದ ತಾಲೂಕುಗಳಿಗೆ ಮೊದಲು ಕೊಡಬೇಕು. ಅಲ್ಲಿಯವರೆಗೆ, ಓಡುವ ಪ್ಯಾಸೆಂಜರ್ ಗಾಡಿಯ ಲಗೇಜ್ ಬೋಗಿಯಲ್ಲಿ ಕ್ರೇಟ್ ಹಾಕಬಹುದಾ?

ಮಿಲ್ ಲೆಕ್ಕದವನು

ಹಾಕಬಹುದು, ಆದರೆ ಪಾರ್ಸೆಲ್ ಬುಕ್ ಮಾಡುವ ಸ್ಟೇಷನ್ ಆಗಿರಬೇಕು, ಗಾಡಿ ಅಲ್ಲಿ ತುಂಬುವಷ್ಟು ಹೊತ್ತು ನಿಲ್ಲಬೇಕು. ಎರಡು ನಿಮಿಷ ನಿಲ್ಲುವ ಕಡೆ ಐವತ್ತು ಕ್ರೇಟ್ ಹತ್ತಿಸಲಾಗದು. ಕುಷ್ಟಗಿಯಂತೆ ಗಾಡಿ ಹುಟ್ಟುವ ತುದಿ ಸ್ಟೇಷನ್ ಆದರೆ ಆ ಅನುಕೂಲ ಇದೆ, ಗಾಡಿ ಹೊರಡುವ ಮೊದಲೇ ತುಂಬಬಹುದು. ಒಬ್ಬೊಬ್ಬರೇ ಹೋದರೆ ಆಗದು. ಹತ್ತು ತೋಟದವರು ಸೇರಿ, ರೈತ ಉತ್ಪಾದಕ ಕಂಪನಿ ಹೆಸರಿನಲ್ಲಿ ಬುಕ್ ಮಾಡಿ. ಇಳಿಯುವ ಊರಿನಲ್ಲಿ ಎತ್ತಿಕೊಳ್ಳುವ ಮನುಷ್ಯನನ್ನು ಮೊದಲೇ ಗೊತ್ತುಮಾಡಿ.

ಮಾನ್ವಿ ಕೊನೆಭಾಗ

ಕಾಲುವೆಯ ನೀರೂ ನಮಗೆ ಕೊನೆಗೆ, ರೈಲೂ ಕೊನೆಗೆ. ಸಿಂಧನೂರಿನಿಂದ ಮಾನ್ವಿ ಮೇಲೆ ರಾಯಚೂರು ಕೂಡುವವರೆಗೆ ಇದು ತುದಿ ಮುಚ್ಚಿದ ಮಾರ್ಗವೇ. ಆಚೆ ತೆಲಂಗಾಣದ ಕಡೆ ಜಕ್ಲೇರ್–ಕೃಷ್ಣಾ ತುಂಡು 2023ರ ಅಕ್ಟೋಬರ್ 1ರಂದೇ ಉದ್ಘಾಟನೆ ಆಯಿತು. ಅಂದರೆ ಮೆಹಬೂಬ್‌ನಗರದಿಂದ ಕೃಷ್ಣಾವರೆಗೆ ಹಳಿ ಇದೆ, ಅಲ್ಲಿಂದ ರಾಯಚೂರಿಗೆ ಹಳೆಯ ಮಾರ್ಗ ಇದೆ. ರಾಯಚೂರು ಕೂಡಿತು ಅಂದರೆ ಹುಬ್ಬಳ್ಳಿ, ಕೊಪ್ಪಳದಿಂದ ಹೈದರಾಬಾದಿಗೆ ನಮ್ಮ ಊರಿನ ಮೇಲೆಯೇ ಗಾಡಿ ಹೋಗಬಹುದು. ನಮ್ಮ ಕಡೆಯವರು ದೊಡ್ಡ ಆಸ್ಪತ್ರೆಗೆ, ವ್ಯಾಪಾರಕ್ಕೆ ಹೋಗುವುದು ಹೈದರಾಬಾದಿಗೇ ಜಾಸ್ತಿ.

ಒಂದು ಅಂಜಿಕೆಯೂ ಇದೆ. ಗಿಣಿಗೇರಾ, ಹೊಸಪೇಟೆ, ತೋರಣಗಲ್ಲು ಕಡೆ ಉಕ್ಕಿನ ಕಾರ್ಖಾನೆಗಳಿವೆ, ಈ ಕಡೆ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ರೈಲಿನಲ್ಲೇ ಬರುತ್ತದೆ. ಮಾರ್ಗ ಕೂಡಿದ ಮೇಲೆ ಅದಿರು, ಕಲ್ಲಿದ್ದಲು ಗಾಡಿಗಳೇ ಓಡಿ, ನಮ್ಮ ಪ್ಯಾಸೆಂಜರ್ ಪಕ್ಕಕ್ಕೆ ನಿಂತು ಕಾಯುವಂತೆ ಆಗಬಾರದು. ಒಂಟಿ ಹಳಿ ಅಂತ ಸ್ಟೇಷನ್ ಮಾಸ್ಟರೇ ಹೇಳಿದರಲ್ಲ. ಕ್ರಾಸಿಂಗ್ ಸ್ಟೇಷನ್ ಹೆಚ್ಚು ಬೇಕು ಅಂತ ಈಗಲೇ ಕೇಳಬೇಕು.

ನಿವೃತ್ತ ಸ್ಟೇಷನ್ ಮಾಸ್ಟರ್

ನಿಮ್ಮ ಅಂಜಿಕೆ ಸರಿಯಾದದ್ದೇ. ಆದರೆ ಸರಕು ಗಾಡಿ ಓಡಿದರೆ ಮಾರ್ಗಕ್ಕೆ ಆದಾಯ ಬರುತ್ತದೆ, ಆದಾಯ ಇರುವ ಮಾರ್ಗದಲ್ಲೇ ಸೌಲಭ್ಯಕ್ಕೆ ದುಡ್ಡು ಬೇಗ ಸಿಗುತ್ತದೆ. ಅದಕ್ಕೇ ಅಕ್ಕಿ ರೇಕ್ ಮಾತನ್ನು ನಾನು ಬಿಡುತ್ತಿಲ್ಲ. ಅದಿರಿನ ಜೊತೆ ಅಕ್ಕಿಯೂ ಲೆಕ್ಕಕ್ಕೆ ಬಂದರೆ ರೈತರ ಸೀಮೆ ಅಂತ ನಮ್ಮ ಮಾತಿಗೆ ತೂಕ ಬರುತ್ತದೆ.

ಕಾರಟಗಿ ಗದ್ದೆಯವ

ಇಷ್ಟು ಜನ ಇಷ್ಟು ಬಿಡಿಸಿ ಬರೆದಿದ್ದೀರಿ, ಮನಸ್ಸಿಗೆ ತುಂಬ ಸಮಾಧಾನ ಆಯಿತು. ಇದನ್ನೆಲ್ಲ ಒಂದೇ ಅರ್ಜಿ ಮಾಡಿ ಒಬ್ಬರಿಗೇ ಕೊಟ್ಟರೆ ಕೆಲಸ ಆಗದು, ಬೇರೆ ಬೇರೆ ಮಾಡಬೇಕು. ರಾತ್ರಿ ರೇಕ್ ಮತ್ತು ಹೆಚ್ಚುವರಿ ಬೋಗಿ ವಿಭಾಗೀಯ ರೈಲ್ವೆ ಬಳಕೆದಾರರ ಸಲಹಾ ಸಮಿತಿಗೆ. ರೈಲ್ವೆಯ ಹೊಸ ವೇಳಾಪಟ್ಟಿ ಈಗ ಜನವರಿ 1ಕ್ಕೆ ಬರುತ್ತದೆ, ಅದಕ್ಕೆ ತಿಂಗಳುಗಟ್ಟಲೆ ಮೊದಲೇ ಕೊಡಬೇಕು. ಸ್ಟೇಷನ್ ಬಸ್ಸು ಡಿಪೋಗೆ ಮತ್ತು ಶಾಸಕರಿಗೆ. ಗೊಬ್ಬರದ ವ್ಯಾಗನ್ನಿಗೆ ಅಕ್ಕಿ ತುಂಬುವ ಮಾತು ಮಿಲ್ಲುಗಳ ಸಂಘದವರೇ ಎತ್ತಬೇಕು, ಲೆಕ್ಕದ ಅಣ್ಣ ದಯವಿಟ್ಟು ಅವರ ಕಿವಿಗೆ ಹಾಕಿ.

ಕೆಳಸೇತುವೆ ಕೆಲಸ ಮೊದಲು. ಗಿಣಿಗೇರಾದಿಂದ ಸಿಂಧನೂರಿನವರೆಗೆ ಎಲ್ಲೆಲ್ಲಿ ನೀರು ನಿಲ್ಲುತ್ತದೆ ಅಂತ ಊರ ಹೆಸರು, ಕಂಬದ ಮೇಲಿನ ಕಿ.ಮೀ. ಸಂಖ್ಯೆ, ನೀರಿನ ಆಳ ತೋರುವ ಒಂದು ಫೋಟೊ ಹಾಕಿ. ಮಷಿನ್ ಹೋಗದ ಕಡೆ ಎತ್ತರವನ್ನು ಟೇಪ್ ಹಿಡಿದು ಅಳೆದು ಬರೆಯಿರಿ.

ಹಳಿ ಪಕ್ಕದ ಹೊಲ

ನಮ್ಮೂರಿನದ್ದು ನಾಳೆ ಬೆಳಿಗ್ಗೆ ಅಳೆದು ಹಾಕುತ್ತೇನೆ ಅಣ್ಣಾರೆ. ಪಕ್ಕದ ಎರಡು ಊರಿನವರಿಗೂ ಹೇಳಿದ್ದೇನೆ. ಈಗ ಗದ್ದೆಗೆ ನೀರು ಕಟ್ಟಿದ್ದಾರೆ, ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ.